ಬೀಡಿ ಬಿಡುವ ಮೊದಲು ನಾಲ್ಕು ದಿನ ಬೀಡಿ ಬರೆಯಿರಿ

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಹತ್ತಿರ ಒಂದು ತೊಗರಿ ಬೇಳೆ ಗಿರಣಿಯಲ್ಲಿ ನಾನು ಮುನೀಮ. ಚೀಲ ಎಣಿಸುವುದು, ತೂಕದ ಚೀಟಿ ಬರೆಯುವುದು, ಹಮಾಲರ ಕೂಲಿ ಲೆಕ್ಕ ಹಾಕುವುದು ನನ್ನ ಕೆಲಸ. ಹತ್ತೊಂಬತ್ತನೇ ವಯಸ್ಸಿಗೆ ಶುರು ಮಾಡಿ 22 ವರ್ಷ ಬೀಡಿ ಸೇದಿದೆ. ಮೂರು ಸಲ ಬಿಟ್ಟು ಮೂರು ಸಲವೂ ಮತ್ತೆ ಹಿಡಿದೆ. ನಾಲ್ಕನೇ ಸಲ, 2018ರ ಶ್ರಾವಣದಲ್ಲಿ, ಬಿಟ್ಟೆ. ನಡುವೆ ಒಂದೇ ಒಂದು ಸಲ ಜಾರಿದ್ದು ಬಿಟ್ಟರೆ ಇವತ್ತಿನವರೆಗೂ ಮುಟ್ಟಿಲ್ಲ. ಆಮೇಲೆ ನಮ್ಮ ಗಿರಣಿಯ ಮತ್ತು ಅಕ್ಕಪಕ್ಕದ ಗಿರಣಿಗಳ 14 ಮಂದಿಯ ಜೊತೆ ಕೂತು ಇದೇ ಕೆಲಸ ಮಾಡಿದ್ದೇನೆ. ಅವರಲ್ಲಿ ಆರು ಮಂದಿ ವರ್ಷ ದಾಟಿದ್ದಾರೆ. ಉಳಿದವರಲ್ಲಿ ಕೆಲವರು ಮತ್ತೆ ಪ್ರಯತ್ನದಲ್ಲಿದ್ದಾರೆ. ನಾನು ಡಾಕ್ಟರ್ ಅಲ್ಲ. ಡಾಕ್ಟರನ್ನು ಕೇಳಲೇಬೇಕಾದ ಕಡೆ ಅದನ್ನೂ ಹೇಳುತ್ತೇನೆ.

ಬಿಡಬೇಕು ಅಂತ ಮನಸ್ಸು ಬಂದ ದಿನವೇ ಬೀಡಿ ಕಟ್ಟು ಎಸೆಯಬೇಡಿ. ನಾನು ಹಾಗೆ ಎಸೆದದ್ದೂ ಉಂಟು. ಸಂಜೆಯೊಳಗೆ ಇನ್ನೊಂದು ಕಟ್ಟು ಕೊಂಡೆ. ಮೊದಲು ನಾಲ್ಕು ದಿನ ನಿಮ್ಮ ಬೀಡಿಯನ್ನು ಬರೆಯಿರಿ.

ನಾಲ್ಕು ಮನೆಯ ಖಾತೆ

ಕಿಸೆಯಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್ ಸಾಕು. ಕಟ್ಟಿನ ಜೊತೆಗೇ ರಬ್ಬರ್ ಹಾಕಿ ಇಟ್ಟುಕೊಳ್ಳಿ. ಪ್ರತಿ ಬೀಡಿ ಹಚ್ಚುವ ಮೊದಲು ಒಂದು ಗೀಟು ಹಾಕಿ. ಹಚ್ಚಿದ ಮೇಲೆ ಬರೆಯುತ್ತೇನೆ ಅಂದರೆ ಮರೆತುಹೋಗುತ್ತದೆ. ಪುಟದಲ್ಲಿ ನಾಲ್ಕು ಮನೆ ಮಾಡಿಕೊಳ್ಳಿ: ಮೈ, ಚಹಾ, ಜನ, ಸುಮ್ನೆ.

ಮೈ ಅಂದರೆ ಮೈಯೇ ಕೇಳಿದ ಬೀಡಿ. ಎದ್ದ ಕೂಡಲೇ ಬೇಕಾಗುವುದು, ಕೈ ಸಣ್ಣಗೆ ನಡುಗುವಾಗ, ತಲೆ ಓಡದೆ ಇರುವಾಗ ಬೇಕಾಗುವುದು. ಚಹಾ ಅಂದರೆ ಕಪ್ಪು ಕೈಗೆ ಬಂದಿದ್ದಕ್ಕೆ ಹಚ್ಚಿದ್ದು. ಜನ ಅಂದರೆ ಯಾರೋ ಕೊಟ್ಟರು, ಇಲ್ಲ ಯಾರೋ ಹಚ್ಚಿದರು ಅಂತ ಹಚ್ಚಿದ್ದು. ಲಾರಿ ಬರುವ ತನಕ ಹೊತ್ತು ಹೋಗಲಿ ಅಂತ ಹಚ್ಚಿದ್ದು ಸುಮ್ನೆ.

ನನ್ನ ಮೊದಲ ದಿನದ ಪುಟ ಇನ್ನೂ ನನ್ನ ಹತ್ತಿರ ಇದೆ. ಒಟ್ಟು 24. ಮೈ 6, ಚಹಾ 7, ಜನ 8, ಸುಮ್ನೆ 3. ಅದನ್ನು ನೋಡಿ ನಾನು ಬಹಳ ಹೊತ್ತು ಸುಮ್ಮನೆ ಕೂತೆ. ಇಪ್ಪತ್ತೆರಡು ವರ್ಷ ನಾನು ಅಂದುಕೊಂಡಿದ್ದು, ನನ್ನ ಮೈಗೆ ದಿನಕ್ಕೊಂದು ಕಟ್ಟು ಬೇಕು ಅಂತ. ಮೈ ಕೇಳುತ್ತಿದ್ದದ್ದು ಅದರಲ್ಲಿ ಕಾಲು ಭಾಗ. ಉಳಿದ 18 ಬೀಡಿ ಗಂಜಿನ ಚಹಾದಂಗಡಿಗೆ, ಗೆಳೆಯರಿಗೆ, ಖಾಲಿ ಹೊತ್ತಿಗೆ ಸೇರಿದ್ದವು.

ಈ ಎರಡು ಪಾಲಿಗೆ ಔಷಧ ಬೇರೆ ಬೇರೆ. ಮೈಯ ಆರು ಬೀಡಿಗೆ ನಿಕೋಟಿನ್ ಗಮ್ (ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನನ್ನು ಹೊಗೆಯಿಲ್ಲದೆ ಸ್ವಲ್ಪ ಸ್ವಲ್ಪ ಕೊಡುವ ಗಮ್), ಡಾಕ್ಟರ್, ಮಾತ್ರೆ ನೆರವಾಗುತ್ತವೆ. ಉಳಿದ ಹದಿನೆಂಟಕ್ಕೆ ಅಂಗಡಿ, ಬೆಂಚು, ಹೊತ್ತು ಬದಲಾಗಬೇಕು. ನನ್ನ ಮೊದಲ ಮೂರು ಪ್ರಯತ್ನದಲ್ಲಿ ಇವೆರಡನ್ನೂ ಒಂದೇ ಅಂತ ತಿಳಿದು ಸೋತೆ.

ಖಾತೆಯ ಕೆಳಗೆ ದುಡ್ಡನ್ನೂ ಬರೆಯಿರಿ. ಆಗ ನನ್ನ ಕಟ್ಟಿಗೆ 20 ರೂಪಾಯಿ. ವರ್ಷಕ್ಕೆ 7,300. ಬೀಡಿಗೋಸ್ಕರ ಕುಡಿದ ಚಹಾ ದಿನಕ್ಕೆ ಐದು, ಒಂದಕ್ಕೆ 5 ರೂಪಾಯಿ, ಕೆಲಸದ ದಿನ 300. ಅದು 7,500 ಆಯಿತು. ಬೀಡಿಗಿಂತ ಚಹಾದ್ದೇ ಜಾಸ್ತಿ! ಎರಡೂ ಕೂಡಿ 14,800. ಮಗಳ ಹೈಸ್ಕೂಲು ಫೀಸಿಗೆ ನಾನು ಕೈಸಾಲ ಮಾಡಿದ್ದ ವರ್ಷ ಅದು.

ಚಟ ಎಷ್ಟು ಬಿಗಿ ಇದೆ ಅಂತ ಅಳೆಯುವುದು

ಸ್ವೀಡನ್ನಿನ ಮನಃಶಾಸ್ತ್ರಜ್ಞ ಫಾಗರ್‌ಸ್ಟ್ರೋಮ್ 1978ರಲ್ಲಿ ಚಟ ಅಳೆಯುವ ಪ್ರಶ್ನೆಗಳನ್ನು ಮಾಡಿದರು. 1991ರಲ್ಲಿ ಅದನ್ನು ತಿದ್ದಿ ಆರು ಪ್ರಶ್ನೆಗೆ ಇಳಿಸಿದರು. ಡಾಕ್ಟರುಗಳು ಈಗಲೂ ಅದನ್ನೇ ಕೇಳುತ್ತಾರೆ. ಒಟ್ಟು 10 ಅಂಕ.

ಎದ್ದ ಮೇಲೆ ಮೊದಲ ಬೀಡಿ ಎಷ್ಟು ನಿಮಿಷಕ್ಕೆ? ಐದು ನಿಮಿಷದೊಳಗಾದರೆ 3 ಅಂಕ, ಅರ್ಧ ಗಂಟೆಯೊಳಗಾದರೆ 2, ಒಂದು ಗಂಟೆಯೊಳಗಾದರೆ 1. ಅದಕ್ಕಿಂತ ತಡವಾದರೆ ಸೊನ್ನೆ. ದಿನಕ್ಕೆ ಎಷ್ಟು? ಹತ್ತರ ತನಕ ಸೊನ್ನೆ, 20ರ ತನಕ 1, 30ರ ತನಕ 2, ಅದಕ್ಕೂ ಮೇಲೆ 3. ಉಳಿದ ನಾಲ್ಕಕ್ಕೆ ಹೌದು ಅಂದರೆ ಒಂದೊಂದು ಅಂಕ. ಸೇದಬಾರದ ಜಾಗದಲ್ಲಿ ತಡೆದುಕೊಳ್ಳುವುದು ಕಷ್ಟವಾ? ಯಾವ ಬೀಡಿ ಬಿಡುವುದು ಎಲ್ಲಕ್ಕಿಂತ ಕಷ್ಟ, ಬೆಳಗಿನ ಮೊದಲನೆಯದಾ? ದಿನದ ಉಳಿದ ಹೊತ್ತಿಗಿಂತ ಎದ್ದ ಮೊದಲ ಗಂಟೆಗಳಲ್ಲಿ ಜಾಸ್ತಿ ಸೇದುತ್ತೀರಾ? ಜ್ವರ ಬಂದು ಹಾಸಿಗೆ ಹಿಡಿದಾಗಲೂ ಸೇದುತ್ತೀರಾ?

ನನಗೆ 7 ಬಂತು. ಆರು ದಾಟಿದರೆ ಚಟ ಬಿಗಿ ಇದೆ ಅಂತ ಅರ್ಥ. ಬರೀ ಹಟದ ಮೇಲೆ ಬಿಡಲು ಹೋಗದೆ ಗಮ್ಮು, ಡಾಕ್ಟರ್ ಸಹಾಯ ತಗೊಳ್ಳಿ. ಎರಡರೊಳಗೆ ಬಂದವರಿಗೆ ಚಹಾ ಮತ್ತು ಜನರ ಮನೆ ಸರಿಮಾಡಿದರೆ ಬಹುಪಾಲು ಕೆಲಸ ಆದಂತೆ.

ಆರೂ ಪ್ರಶ್ನೆ ಬೇಡ ಅಂದರೆ ಮೊದಲನೆಯದನ್ನು ಮಾತ್ರ ಕೇಳಿಕೊಳ್ಳಿ. ಅದಕ್ಕೆ ಇಷ್ಟು ಬೆಲೆ ಯಾಕೆ? ದಮ್ಮು ಎಳೆದ 10–20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆಯಾಗಿ ಹಿತ ಅನ್ನಿಸುತ್ತದೆ. ಸುಮಾರು ಎರಡು ಗಂಟೆಗೆ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯುತ್ತದೆ. ಇನ್ನೆರಡು ಗಂಟೆಗೆ ಅದರ ಅರ್ಧ. ರಾತ್ರಿ ನಿದ್ದೆ ಮುಗಿಯುವ ಹೊತ್ತಿಗೆ ಬಹುತೇಕ ಖಾಲಿ. ವರ್ಷಗಟ್ಟಲೆ ಸೇದಿದವರ ಮೆದುಳಿನಲ್ಲಿ ನಿಕೋಟಿನ್ ಹಿಡಿಯುವ ಜಾಗಗಳು ಹೆಚ್ಚಾಗಿರುತ್ತವೆ. ಬೆಳಿಗ್ಗೆ ಅವೆಲ್ಲ ಬಾಯಿ ತೆರೆದು ಕಾಯುತ್ತವೆ. ಆ ಸಂಕಟಕ್ಕೆ ನಮ್ಮ ಕಡೆ ತಲಬು ಅನ್ನುತ್ತೇವೆ. ಬೀಡಿ ಸೇದಿದರೆ ಟೆನ್ಷನ್ ಇಳಿಯುತ್ತದೆ ಅಂತ ನಾವು ಹೇಳುತ್ತೇವಲ್ಲ, ಆ ಟೆನ್ಷನ್ನಿನಲ್ಲಿ ದೊಡ್ಡ ಪಾಲು ಹಿಂದಿನ ಬೀಡಿ ಇಳಿದದ್ದರಿಂದಲೇ ಬಂದದ್ದು.

ಬೀಡಿ ಸಣ್ಣದು, ಎಲೆಯದು, ಸಿಗರೇಟಿಗಿಂತ ಹಗುರ ಅನ್ನುವವರು ಗಂಜಿನಲ್ಲಿ ಬಹಳ. ಬೀಡಿಗೆ ಫಿಲ್ಟರ್ ಇಲ್ಲ. ಎಲೆ ಬೇಗ ಆರುತ್ತದೆ, ಅದಕ್ಕೆ ಪದೇ ಪದೇ ಜೋರಾಗಿ ಎಳೆಯಬೇಕು. ಒಳಗಿನ ತಂಬಾಕು ಕಡಿಮೆ ಇದ್ದರೂ ಹೊಗೆಯಲ್ಲಿ ನಿಕೋಟಿನ್, ಟಾರು, ಕಾರ್ಬನ್ ಮಾನಾಕ್ಸೈಡ್ ಕಡಿಮೆ ಇರುವುದಿಲ್ಲ.

ನಾವು ಎಷ್ಟು ಮಂದಿ

ನಾನು ಲೆಕ್ಕದ ಮನುಷ್ಯ. ಹೀಗಾಗಿ ದೇಶದ ಲೆಕ್ಕವನ್ನೂ ನೋಡಿದೆ. ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆ 2016–17ರಲ್ಲಿ ಭಾರತದಲ್ಲಿ ನಡೆಯಿತು. ಹದಿನೈದು ವರ್ಷ ಮೇಲ್ಪಟ್ಟವರಲ್ಲಿ 100ಕ್ಕೆ 10.7 ಮಂದಿ ಸೇದುತ್ತಿದ್ದರು. ಗಂಡಸರಲ್ಲಿ 19, ಹೆಂಗಸರಲ್ಲಿ 2. ಸಿಗರೇಟಿನವರು 4, ಬೀಡಿಯವರು 7.7. ಕರ್ನಾಟಕದಲ್ಲಿ ಸೇದುವವರು 8.8. ಅಂದರೆ ಹನ್ನೊಂದು ಮಂದಿಗೆ ಒಬ್ಬರು.

ನಮ್ಮ ಗಿರಣಿಯಲ್ಲಿ ಆಗ 32 ಗಂಡಸರು. ಸೇದುವವರು 19. ರಾಜ್ಯದ ಸರಾಸರಿ ನಮ್ಮ ಚಹಾದಂಗಡಿಗೆ ಹೊಂದುವುದೇ ಇಲ್ಲ. ಒಬ್ಬ ಮೇಷ್ಟ್ರು ಬೀಡಿ ಬಿಟ್ಟರೆ ಅವರ ಸ್ಟಾಫ್ ರೂಮಿನಲ್ಲಿ ಬೀಡಿ ಕೊಡುವವರು ಇಲ್ಲ. ಒಬ್ಬ ಹಮಾಲ ಬಿಟ್ಟರೆ ಹದಿನೆಂಟು ಮಂದಿ ಕೊಡುತ್ತಾರೆ. ಇಬ್ಬರ ಮನೋಬಲ ಒಂದೇ ಇದ್ದರೂ ಹಮಾಲನ ದಾರಿ ಕಷ್ಟದ್ದು. ಬಿಡಲಾಗದವನನ್ನು ಧೈರ್ಯ ಇಲ್ಲದವನು ಅಂತ ಹೀಗಳೆಯುವ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ.

ಬೇರೆ ದೇಶಗಳಲ್ಲೂ ಹೀಗೇ. ಇಂಡೋನೇಷ್ಯಾದಲ್ಲಿ 100 ಗಂಡಸರಲ್ಲಿ 60ಕ್ಕಿಂತ ಹೆಚ್ಚು ಮಂದಿ ಸೇದುತ್ತಾರೆ. ಚೀನಾದಲ್ಲಿ 2018ರಲ್ಲಿ ಸುಮಾರು ಅರ್ಧ. ಎರಡೂ ಕಡೆ ಹೆಂಗಸರಲ್ಲಿ ಬಹಳ ಕಡಿಮೆ. ಅಮೆರಿಕದಲ್ಲಿ 1965ರಲ್ಲಿ 100 ವಯಸ್ಕರಲ್ಲಿ ಸುಮಾರು 42 ಮಂದಿ ಸೇದುತ್ತಿದ್ದರು, 2021ಕ್ಕೆ ಅದು 11ರ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ಅಲ್ಲಿನವರ ಮೆದುಳು ಬದಲಾಗಲಿಲ್ಲ. ತೆರಿಗೆ, ಕಾನೂನು, ಎಲ್ಲಿ ಸೇದಬಹುದು ಅನ್ನುವ ರೂಢಿ ಬದಲಾದವು. ನಮ್ಮಲ್ಲೂ 2009–10ರ ಸಮೀಕ್ಷೆಯಲ್ಲಿ ಸೇದುವವರು 14 ಇದ್ದದ್ದು ಏಳು ವರ್ಷಕ್ಕೆ 10.7ಕ್ಕೆ ಬಂತು. ಅಂದರೆ ಬಿಡುವವರು ಇದ್ದಾರೆ, ಬಹಳ ಮಂದಿ ಇದ್ದಾರೆ.

ನಮ್ಮ ಕಡೆಯವರು ಕಣ್ಣಿಟ್ಟು ನೋಡಬೇಕಾದ ಅಂಕಿ ಇನ್ನೊಂದು. 2016–17ರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವವರು 100ಕ್ಕೆ 16.3. ಸೇದುವವರ ಸುಮಾರು ಎರಡರಷ್ಟು. ದೇಶದಲ್ಲಿ ಸೇದುವ ಹೆಂಗಸರು 2 ಅಂದೆನಲ್ಲ, ಅಗಿಯುವ, ಹಲ್ಲಿಗೆ ತಿಕ್ಕುವ ಹೆಂಗಸರು 12.8. ನಮ್ಮವ್ವ ದಿನಾ ಮೂರು ಸಲ ಮಿಶ್ರಿ ತಿಕ್ಕುತ್ತಿದ್ದಳು. ಅದು ಹಲ್ಲುಪುಡಿ ಅಂತಲೇ ಮನೆಯಲ್ಲಿ ಎಲ್ಲರ ಲೆಕ್ಕ. ಮಿಶ್ರಿ ಅಂದರೆ ಸುಟ್ಟ ತಂಬಾಕು. ಅವಳಿಗೂ ತಲಬು ಬರುತ್ತಿತ್ತು, ತಲೆ ಹಿಡಿಯುತ್ತಿತ್ತು. ನಾನು ಬೀಡಿ ಖಾತೆ ಬರೆಯುವಾಗ ಅವಳದೂ ಬರೆದಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತದೆ.

ನಾನು ಸೋತ ಮೂರು ಸಲ

2011ರಲ್ಲಿ ಬೀಡಿ ಬಿಟ್ಟು ಗುಟ್ಕಾ ಹಿಡಿದೆ. ಹೊಗೆ ಇಲ್ಲ, ಎದೆಗೆ ತೊಂದರೆ ಇಲ್ಲ ಅಂದುಕೊಂಡೆ. ಎಂಟು ತಿಂಗಳಿಗೆ ಬಾಯಿ ಪೂರ್ತಿ ತೆರೆಯುವುದು ಕಷ್ಟ ಆಯಿತು, ಖಾರ ಮುಟ್ಟಿದರೆ ಉರಿ. ಮಿರ್ಚಿ ಭಜಿ ತಿನ್ನಲಾಗದೆ ಹೆದರಿ ಗುಟ್ಕಾ ಬಿಟ್ಟೆ, ಬೀಡಿಗೆ ವಾಪಸ್ ಬಂದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲಿ ನಿಷೇಧ ಆಯಿತು. ಆದರೂ ಪಾನ್ ಮಸಾಲೆ, ತಂಬಾಕು ಬೇರೆ ಬೇರೆ ಚೀಟಿಯಲ್ಲಿ ಕೊಂಡು ಕೂಡಿಸಿಕೊಳ್ಳುವವರು, ಮಾವಾ (ಅಡಿಕೆ, ತಂಬಾಕು, ಸುಣ್ಣ ಕಲಸಿದ್ದು) ತಿನ್ನುವವರು ಇದ್ದಾರೆ. ಬೀಡಿ ಬಿಡಲು ದಯವಿಟ್ಟು ಇವನ್ನು ಹಿಡಿಯಬೇಡಿ. ನಿಕೋಟಿನ್ ಅದೇ, ಬಾಯಿಯ ಕ್ಯಾನ್ಸರಿನ ಅಪಾಯವೂ ದೊಡ್ಡದು.

2014ರಲ್ಲಿ 25ರಿಂದ ದಿನಕ್ಕೊಂದು ಕಡಿಮೆ ಮಾಡುತ್ತ ಬಂದೆ. ಹತ್ತರ ತನಕ ಬಂದು ನಿಂತೆ. ಆ ಹತ್ತನ್ನು ತುದಿ ಸುಡುವ ತನಕ, ಒಳಗೆ ಹಿಡಿದು ಹಿಡಿದು ಎಳೆಯುತ್ತಿದ್ದೆ. ಮೈ ತನ್ನ ಪಾಲು ಹತ್ತರಲ್ಲೇ ತೆಗೆದುಕೊಂಡಿತು. ಲೆಕ್ಕ ಇಳಿದರೂ ನಿಕೋಟಿನ್ ಇಳಿಯಲಿಲ್ಲ. ಹಾಗಾಗಿ ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸುವುದು ವಾಸಿ ಅಂತ ನನ್ನ ಅಭಿಪ್ರಾಯ.

2016ರಲ್ಲಿ ನಿಕೋಟಿನ್ ಗಮ್ ತಂದೆ. ಔಷಧಿ ಅಂಗಡಿಯವರು ಹೇಗೆ ತಿನ್ನಬೇಕು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಬಲ್ ಗಮ್ಮಿನ ಹಾಗೆ ಜಗಿದು ಚಹಾ ಕುಡಿದೆ. ಬಿಕ್ಕಳಿಕೆ, ಎದೆ ಉರಿ, ವಾಂತಿ ಬಂದ ಹಾಗೆ. ಎರಡೇ ದಿನಕ್ಕೆ ಎಸೆದೆ.

ಗಮ್ಮು ತಿನ್ನುವ ಕ್ರಮ

ನಿಧಾನವಾಗಿ ಜಗಿಯಿರಿ. ಹತ್ತು ಹದಿನೈದು ಸಲಕ್ಕೆ ನಾಲಿಗೆಗೆ ಮೆಣಸು ಚುರುಗುಟ್ಟಿದ ಹಾಗೆ ಆಗುತ್ತದೆ. ಆಗ ಜಗಿಯುವುದು ನಿಲ್ಲಿಸಿ. ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿ ಇಡಿ. ನಿಕೋಟಿನ್ ಅಲ್ಲಿಂದ ರಕ್ತಕ್ಕೆ ಹೋಗುತ್ತದೆ. ಚುರುಕು ಇಳಿದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇನ್ನೊಂದು ಕಡೆ ಇಡಿ. ಒಂದು ಗಮ್ಮು ಅರ್ಧ ಗಂಟೆ ಬರುತ್ತದೆ. ಸುಮ್ನೆ ಜಗಿಯುತ್ತಲೇ ಇದ್ದರೆ ನಿಕೋಟಿನ್ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ನನ್ನ ಬಿಕ್ಕಳಿಕೆ ಅಲ್ಲಿಂದ ಬಂದದ್ದು. ಗಮ್ಮಿಗೆ 15 ನಿಮಿಷ ಮುಂಚೆ ಮತ್ತು ಗಮ್ಮು ಬಾಯಲ್ಲಿ ಇರುವಾಗ ಚಹಾ, ಕಾಫಿ, ಸೋಡಾ, ನಿಂಬೆ ಪಾನಕ ಬೇಡ. ಹುಳಿ ಪದಾರ್ಥ ಇದ್ದರೆ ಬಾಯಿ ನಿಕೋಟಿನನ್ನು ಸರಿಯಾಗಿ ಹೀರುವುದಿಲ್ಲ.

ಎರಡು ಅಳತೆ ಸಿಗುತ್ತವೆ, 2 ಮಿಲಿಗ್ರಾಂ ಮತ್ತು 4 ಮಿಲಿಗ್ರಾಂ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಬೇಕಾಗುವವರಿಗೆ ಸಾಮಾನ್ಯವಾಗಿ 4. ಅದಕ್ಕೆ ಡಾಕ್ಟರ ಚೀಟಿ ಬೇಕು, 2ಕ್ಕೆ ಬೇಡ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಆಮೇಲೆ ಅಂತರ ಹೆಚ್ಚಿಸುತ್ತ ಮೂರು ತಿಂಗಳಿಗೆ ನಿಲ್ಲಿಸುವುದು ರೂಢಿ. ಬಹಳ ಮಂದಿ ದಿನಕ್ಕೆ ಎರಡು ತಿಂದು ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಸಾಕಷ್ಟು ತಿನ್ನದಿದ್ದರೆ ಅದು ಹೇಗೆ ಕೆಲಸ ಮಾಡೀತು? ಬಸುರಿಯರು, ಇತ್ತೀಚೆಗೆ ಹೃದಯಾಘಾತ ಆದವರು ಡಾಕ್ಟರನ್ನು ಕೇಳದೆ ತಗೊಳ್ಳಬಾರದು. ಬುಪ್ರೋಪಿಯಾನ್, ವ್ಯಾರೆನಿಕ್ಲಿನ್ ಅನ್ನುವ ಮಾತ್ರೆಗಳೂ ಇವೆ. ಅವನ್ನು ಡಾಕ್ಟರೇ ಕೊಡಬೇಕು.

ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುತ್ತಿರುವವರು ಬೀಡಿ ಬಿಡುವ ಮೊದಲೇ ಡಾಕ್ಟರಿಗೆ ಹೇಳಿ. ಹೊಗೆ ನಿಂತ ಮೇಲೆ ಆ ಔಷಧ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಅಳತೆ ಇಳಿಸಬೇಕಾಗಬಹುದು.

ಚಹಾದ ವಿಷಯವೂ ಹಾಗೇ. ಬೀಡಿ ಸೇದುವಾಗ ಮೈ ಚಹಾದಲ್ಲಿನ ಕೆಫೀನನ್ನು ಬೇಗ ಕರಗಿಸುತ್ತದೆ. ಬೀಡಿ ನಿಂತರೆ ನಿಧಾನ ಆಗುತ್ತದೆ. ಮೊದಲಿನಷ್ಟೇ ಚಹಾ ಕುಡಿದರೆ ಎದೆ ಬಡಿತ, ಚಡಪಡಿಕೆ, ರಾತ್ರಿ ನಿದ್ದೆ ಇಲ್ಲ. ಅದನ್ನು ಬೀಡಿಯ ತಲಬು ಅಂತ ತಿಳಿದು ಮತ್ತೆ ಹಚ್ಚುತ್ತೇವೆ. ಮೊದಲ ದಿನದಿಂದಲೇ ಚಹಾ ಅರ್ಧ ಮಾಡಿ. ಈ ಒಂದು ಮಾತು ನನಗೆ 2011ರಲ್ಲೇ ಯಾರಾದರೂ ಹೇಳಿದ್ದರೆ!

ದಿನ ಗೊತ್ತು ಮಾಡುವುದು

ಡಿಸೆಂಬರಿನಿಂದ ಫೆಬ್ರುವರಿ ತನಕ ಹೊಸ ತೊಗರಿ ಬರುವ ಹೊತ್ತು. ಗಂಜಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮ್ಮಂಥವರು ಆಗ ಬಿಡಲು ಹೋಗಬಾರದು. ನಾನು ಆಷಾಢದ ಕೊನೆಯ ಅಮಾವಾಸ್ಯೆ ಗೊತ್ತು ಮಾಡಿದೆ. ನಮ್ಮ ಗಿರಣಿಗೆ ಅಮಾವಾಸ್ಯೆಗೆ ರಜೆ. ಮರುದಿನದಿಂದ ಶ್ರಾವಣ. ಶ್ರಾವಣದಲ್ಲಿ ನಮ್ಮ ಕಡೆ ಮಾಂಸ, ಕುಡಿತ ಬಿಡುವವರು ಬಹಳ. "ಶ್ರಾವಣಾ ಹಿಡಿದೀನ್ರಿ" ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಬೀಡಿಗೂ ಆ ಮಾತು ನಡೆಯುತ್ತದೆ. ಐದನೇ ದಿನಕ್ಕೆ ನಾಗರ ಪಂಚಮಿ. ಕಿಸೆ ತುಂಬ ಶೇಂಗಾ ಉಂಡಿ, ಎಳ್ಳುಂಡಿ. ಬಾಯಿಗೂ ಕೈಗೂ ಕೆಲಸ.

ನಮ್ಮ ಗಿರಣಿಯ ಒಬ್ಬ ಭಾಯ್‌ಗೆ ಈ ಶ್ರಾವಣದ ಲೆಕ್ಕ ಇಲ್ಲ. ಅವರು ರಂಜಾನ್ ಹಿಡಿದರು. 2019ರ ರಂಜಾನ್ ಮೇ ತಿಂಗಳ ಕಡು ಬಿಸಿಲಿನಲ್ಲಿ ಬಂತು. ದಿನಕ್ಕೆ 14 ಗಂಟೆಗೂ ಮೇಲೆ ನೀರೂ ಇಲ್ಲ, ಬೀಡಿಯೂ ಇಲ್ಲ. ಸಂಜೆ ಖರ್ಜೂರ ಬಾಯಿಗಿಟ್ಟ ಐದು ನಿಮಿಷಕ್ಕೆ ಬೀಡಿ ಹಚ್ಚುವುದು ಅವರ ರೂಢಿ. ನಾನು ಕೇಳಿದೆ, "ಭಾಯ್, ಹದಿನಾಲ್ಕು ತಾಸು ತಡೀತೀರಿ. ರಾತ್ರಿ ನಿದ್ದೆ ಆರು ತಾಸು. ಉಳಿದದ್ದು ನಾಲ್ಕೇ ತಾಸು ಅಲ್ಲೇನ್ರಿ?" ಅವರು ಲೆಕ್ಕ ಹಾಕಿ ನನ್ನ ಮುಖ ನೋಡಿದರು. ಆ ನಾಲ್ಕು ತಾಸಿಗೆ ಗಮ್ಮು ಇಟ್ಟುಕೊಂಡರು. ಇಫ್ತಾರ್ ಮುಗಿದ ಕೂಡಲೇ ಬೀಡಿ ಗೆಳೆಯರಿಂದ ಎದ್ದು ಮಸೀದಿಗೆ ಹೋದರು. ಈದ್ ದಿನ ಬಹಳ ಕಷ್ಟಪಟ್ಟರು. ದಾಟಿದರು.

ಮೊದಲ ಹತ್ತು ದಿನ

ಹಿಂದಿನ ರಾತ್ರಿ ಮನೆಯಲ್ಲಿನ ಬೀಡಿ, ಕಡ್ಡಿಪೆಟ್ಟಿಗೆ, ಲೈಟರ್, ಬೂದಿ ತಟ್ಟೆ ಎಲ್ಲ ಹೊರಗೆ. ಅಂಗಿ, ಚಾದರ ಒಗೆಯಿರಿ. ವಾಸನೆಯೂ ತಲಬು ಎಬ್ಬಿಸುತ್ತದೆ.

ಎರಡನೇ, ಮೂರನೇ ದಿನ ಎಲ್ಲಕ್ಕಿಂತ ಕಷ್ಟ. ಸಿಟ್ಟು, ಚಡಪಡಿಕೆ, ಹಸಿವು, ಮರೆವು. ಮೂರನೇ ದಿನ ನಾನು 230 ಚೀಲ ಅಂತ ಬರೆಯುವ ಕಡೆ 320 ಬರೆದೆ. ಮಾಲೀಕರು ಹಿಡಿದರು. ಹದಿನೈದು ವರ್ಷದಲ್ಲಿ ಅಂಥ ತಪ್ಪು ಆಗಿರಲಿಲ್ಲ, ಅಳು ಬಂತು. ಆ ವಾರ ಮುಖ್ಯ ಲೆಕ್ಕವನ್ನು ಇನ್ನೊಬ್ಬರಿಂದ ತಾಳೆ ನೋಡಿಸಿ. ನಾನು ಬೀಡಿ ಬಿಡುತ್ತಿದ್ದೇನೆ, ನಾಲ್ಕು ದಿನ ಸಹಿಸಿಕೊಳ್ಳಿ ಅಂತ ಮೊದಲೇ ಹೇಳಿಡಿ. ಎರಡರಿಂದ ನಾಲ್ಕು ವಾರದಲ್ಲಿ ಇದೆಲ್ಲ ಇಳಿಯುತ್ತದೆ. ಮಲಬದ್ಧತೆ ಆಗುತ್ತದೆ, ಅದಕ್ಕೆ ಪುಂಡಿ ಪಲ್ಯ, ನೀರು. ಕೆಲವರಿಗೆ ಕೆಮ್ಮು ಸ್ವಲ್ಪ ದಿನ ಜಾಸ್ತಿ ಆಗುತ್ತದೆ. ಆದರೆ ಕೆಮ್ಮು ಎರಡು ವಾರ ದಾಟಿದರೆ ಬೀಡಿಯದ್ದೋ ಬೇಳೆ ಧೂಳಿನದ್ದೋ ಅಂತ ನೀವೇ ತೀರ್ಮಾನ ಮಾಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ದುಡ್ಡು ಇಲ್ಲ. ಸೇದುವವರಿಗೆ ಟಿಬಿ ಅಪಾಯ ಜಾಸ್ತಿ.

ತಲಬು ಬಂದರೆ ಗಡಿಯಾರ ನೋಡಿ. ಒಂದೊಂದು ಅಲೆ ಕೆಲವೇ ನಿಮಿಷ ಇರುತ್ತದೆ. ಆ ನಿಮಿಷಗಳಿಗೆ ಒಂದು ಕೆಲಸ ಮೊದಲೇ ಗೊತ್ತು ಮಾಡಿಟ್ಟಿರಿ. ನಾನು ಗಿರಣಿಯ ಹಿಂದಿನ ನಲ್ಲಿಗೆ ಹೋಗಿ ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಬಡೇಸೋಪು ಬಾಯಿಗೆ ಹಾಕಿ ವಾಪಸ್ ಬರುತ್ತಿದ್ದೆ. ಲವಂಗವೂ ಆದೀತು. ಅಡಿಕೆ ಬೇಡ, ಅಡಿಕೆಯೂ ಕ್ಯಾನ್ಸರ್ ತರುತ್ತದೆ.

ಚಹಾದ ಮನೆ ಖಾಲಿ ಮಾಡಲು ನಾನು ಅಂಗಡಿಯನ್ನೇ ಬದಲಿಸಿದೆ. ಇದು ಬಹಳ ಕಷ್ಟದ ಕೆಲಸ, ಯಾಕೆಂದರೆ ಆ ಬೆಂಚಿನ ಮೇಲೆ ಇಪ್ಪತ್ತು ವರ್ಷದ ಗೆಳೆತನ ಇರುತ್ತದೆ. ಬೀಡಿ ಬಿಟ್ಟವನಿಗೆ ಒಂಟಿತನ ಕಾಡುತ್ತದೆ ಅಂತ ಯಾರೂ ಹೇಳುವುದಿಲ್ಲ. ಎರಡು ತಿಂಗಳು ಗಿರಣಿಯೊಳಗೆ ತಕ್ಕಡಿ ಪಕ್ಕದಲ್ಲೇ ಮಜ್ಜಿಗೆ ಕುಡಿದೆ. ಆಮೇಲೆ ಅದೇ ಬೆಂಚಿಗೆ ಹೋದೆ, ಆದರೆ ಊಟ ಆದ ಮೇಲೆ, ಗಾಳಿ ಬರುವ ಕಡೆ ಕೂತೆ. ಗೆಳೆಯರಿಗೆ ಒಂದೇ ಮಾತು ಹೇಳಿದೆ: "ನೀವ್ ಸೇದ್ರಿ, ನನಗ ಮಾತ್ರ ಕೊಡಬ್ಯಾಡ್ರಿ." ಉಪದೇಶ ಮಾಡಲಿಲ್ಲ. ಉಪದೇಶ ಮಾಡಿದವನಿಗೆ ಬೀಡಿ ಕೊಟ್ಟು ನೋಡುವ ಆಸೆ ಎಲ್ಲರಿಗೂ ಬರುತ್ತದೆ.

ಮನೆಯವರಿಗೂ ಒಂದು ಮಾತು. ಬಾಯಿ ಮೂಸಿ ನೋಡುವುದು, ಕಿಸೆ ತಡಕುವುದು ಬೇಡ. ಇವತ್ತು ಎಷ್ಟನೇ ದಿನ ಅಂತ ಕೇಳಿ. ನನ್ನ ಹೆಂಡತಿ ಕ್ಯಾಲೆಂಡರಿನಲ್ಲಿ ದಿನಾ ಒಂದು ಅರಿಶಿಣದ ಬೊಟ್ಟು ಇಡುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ.

ಯಾರನ್ನು ಕೇಳಬೇಕು

ರಾಷ್ಟ್ರೀಯ ತಂಬಾಕು ಸಹಾಯವಾಣಿ 1800-11-2356. ದುಡ್ಡಿಲ್ಲ. ಕನ್ನಡದಲ್ಲೂ ಮಾತಾಡುತ್ತಾರೆ. 2018ರಿಂದ ಈ ನಂಬರು ಕಟ್ಟಿನ ಮೇಲೆ, ಪ್ಯಾಕಿನ ಮೇಲೆ, ಆ ಕ್ಯಾನ್ಸರ್ ಚಿತ್ರದ ಜೊತೆಗೇ ಇದೆ. ನಾವು ಚಿತ್ರ ನೋಡಬಾರದು ಅಂತ ಮಡಚಿಟ್ಟುಕೊಳ್ಳುತ್ತೇವೆ, ನಂಬರೂ ಮುಚ್ಚಿಹೋಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರ ಎಲ್ಲಿದೆ ಅಂತ ಕೇಳಿ ಹೋಗಿ, ಅಲ್ಲಿ ಕೂರಿಸಿ ಮಾತಾಡುತ್ತಾರೆ. ಇ-ಸಿಗರೇಟ್ ಹಿಡಿದು ಬಿಡೋಣ ಅನ್ನುವ ಹುಡುಗರಿಗೆ ಹೇಳುವುದು: ಅದು ನಮ್ಮ ದೇಶದಲ್ಲಿ 2019ರಿಂದ ನಿಷೇಧ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ಕರ್ನಾಟಕದಲ್ಲಿ ದಂಡ ಈಗ 1,000 ರೂಪಾಯಿ, 21 ತುಂಬದವರಿಗೆ ಮಾರುವ ಹಾಗಿಲ್ಲ.

ಒಂದು ಸೇದಿಬಿಟ್ಟರೆ

ನಾನೂ ಸೇದಿದೆ, 37ನೇ ದಿನ. ಸಂಬಂಧಿಕರ ಮಣ್ಣಿಗೆ ಹೋಗಿದ್ದೆ. ಸ್ಮಶಾನದ ಹೊರಗೆ ಯಾರೋ ಕೊಟ್ಟರು, ಕೈ ತಾನೇ ತಗೊಂಡಿತು. ಅರ್ಧ ಸೇದಿದ ಮೇಲೆ ಗೊತ್ತಾಯಿತು. ಮೊದಲಾದರೆ ಎಲ್ಲ ಹೋಯಿತು ಅಂತ ಕಟ್ಟು ಕೊಳ್ಳುತ್ತಿದ್ದೆ. ಈ ಸಲ ಖಾತೆ ತೆಗೆದು ಬರೆದೆ: ಜನ, 1. ಮರುದಿನ 38 ಅಂತಲೇ ಎಣಿಸಿದೆ. ಆ ಒಂದು ಬೀಡಿ ಯಾವ ಮನೆಗೆ ಸೇರಿದ್ದು ಅಂತ ನೋಡಿ, ಆ ಮನೆಗೆ ಬೇಲಿ ಹಾಕಿ. ನಾನು ಈಗ ಮಣ್ಣಿಗೆ ಹೋಗುವಾಗ ಕಿಸೆಯಲ್ಲಿ ಲವಂಗ ಇಟ್ಟುಕೊಂಡೇ ಹೋಗುತ್ತೇನೆ. ಮದುವೆ, ಜಾತ್ರೆ, ರಾತ್ರಿ ಲಾರಿ ತುಂಬುವ ಪಾಳಿ, ಇವು ವರ್ಷ ಆದ ಮೇಲೂ ಎಳೆಯುವ ಜಾಗಗಳು.

ಬಿಟ್ಟದ್ದರ ಫಲ ನಿಧಾನಕ್ಕೆ ಬರುತ್ತದೆ. ಒಂದೆರಡು ದಿನಕ್ಕೆ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಇಳಿಯುತ್ತದೆ. ವರ್ಷಕ್ಕೆ, ಸೇದುವವರಿಗೆ ಇರುವ ಹೆಚ್ಚುವರಿ ಹೃದಯದ ಅಪಾಯ ಸುಮಾರು ಅರ್ಧ ಆಗುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದುವವರ ಅರ್ಧಕ್ಕೆ ಬರುತ್ತದೆ. ನನಗೆ ಮೊದಲು ತಿಳಿದದ್ದು ಮೂಗಿಗೆ. ಆರನೇ ವಾರ, ಗಿರಣಿಯಲ್ಲಿ ಹುರಿದ ತೊಗರಿಯ ವಾಸನೆ ಬಂತು. ಹದಿನೈದು ವರ್ಷ ಅಲ್ಲೇ ಕೂತಿದ್ದೆ, ಅದು ಇಷ್ಟು ಸಿಹಿ ಇದೆ ಅಂತ ಗೊತ್ತಿರಲಿಲ್ಲ.

ಈಗ ಒಬ್ಬ ಹಮಾಲಿ ಕಾಕಾ ಖಾತೆ ಬರೆಯುತ್ತಿದ್ದಾರೆ. ವಯಸ್ಸು 58, 40 ವರ್ಷದ ಬೀಡಿ, ಅಂಕ 9. ಓದು ಬರಹ ಇಲ್ಲ, ಹಾಗಾಗಿ ನಾಲ್ಕು ಕಿಸೆಯಲ್ಲಿ ತೊಗರಿ ಕಾಳು ಹಾಕಿ ಎಣಿಸಿದರು. ಮೊದಲ ದಿನ ಬಂದು ಹೇಳಿದರು, "ಮುನೀಮ್ ಸಾಹೇಬ್ರ, ಮೈದು ಹದಿನಾಲ್ಕು ಅದಾವ್ರಿ. ನನಗ ಆಗ್ಲಿಕ್ಕಿಲ್ಲ." ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, 4 ಮಿಲಿಗ್ರಾಂ ಬರೆದುಕೊಟ್ಟರು. ಇವತ್ತಿಗೆ 12ನೇ ದಿನ. ನಾಳೆ ರಾತ್ರಿ ಒಂಬತ್ತಕ್ಕೆ ಅವರ ಲಾರಿ ತುಂಬುವ ಪಾಳಿ ಇದೆ, ಬಿಟ್ಟ ಮೇಲೆ ಮೊದಲನೇದು. ನನ್ನ ಪಾಳಿ ಅಲ್ಲ, ಆದರೂ ಹುರಿದ ಶೇಂಗಾ ಕಟ್ಟಿಸಿಕೊಂಡು ಹೋಗುತ್ತೇನೆ.